ಆರು ವರ್ಷದ ಗಡಿ: ಎಣಿಸಬೇಕಾದದ್ದು ವಯಸ್ಸೋ, ಮಗುವಿಗೆ ಸಿಕ್ಕ ವರ್ಷಗಳೋ?

ಜನನ ಪ್ರಮಾಣಪತ್ರ ಮನೆಮನೆಗೆ ತಲುಪುವ ಮೊದಲು ನಮ್ಮ ಹಳ್ಳಿಗಳಲ್ಲಿ ಮಗುವನ್ನು ಶಾಲೆಗೆ ಸೇರಿಸಿಕೊಳ್ಳಲು ಒಂದು ಸರಳ ಪರೀಕ್ಷೆಯಿತ್ತು. ಬಲಗೈಯನ್ನು ನೆತ್ತಿಯ ಮೇಲಿನಿಂದ ಬಳಸಿ ಎಡಗಿವಿಯನ್ನು ಮುಟ್ಟಿದರೆ ಮಗು ಶಾಲೆಗೆ ಯೋಗ್ಯ. ಮುಟ್ಟದಿದ್ದರೆ ಬರುವ ವರ್ಷ ಬರಬೇಕು. ಹುಟ್ಟಿದ ದಿನ ಗೊತ್ತಿಲ್ಲದ ಮಗುವಿನ ಹೆಸರಿನ ಮುಂದೆ ಗುರುಗಳು ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ಒಂದು ಇಡೀ ತಲೆಮಾರಿನ ಜನ್ಮದಿನ ಹೀಗೆ ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ಹುಟ್ಟಿಕೊಂಡಿತು.

ಹುಟ್ಟಿದ ದಿನದ ದಾಖಲೆ ಈಗ ಬಹುತೇಕ ಎಲ್ಲರ ಕೈಯಲ್ಲಿದೆ. ಆದರೆ ಜೂನ್ 1ರ ಮಹತ್ವ ಮಾತ್ರ ಕಡಿಮೆಯಾಗಿಲ್ಲ. ಆ ದಿನಕ್ಕೆ ಆರು ವರ್ಷ ತುಂಬಿದ ಮಗುವಿಗೆ ಮಾತ್ರ ಒಂದನೇ ತರಗತಿಗೆ ಪ್ರವೇಶ ಎಂದು ರಾಜ್ಯ ಸರ್ಕಾರ 2022ರ ಜುಲೈನಲ್ಲಿ ಆದೇಶಿಸಿತು. ಅದುವರೆಗೆ ಐದು ವರ್ಷ ಐದು ತಿಂಗಳು ತುಂಬಿದ್ದರೆ ಸಾಕಾಗಿತ್ತು. ಅಷ್ಟರಲ್ಲಾಗಲೇ ಎಲ್‌ಕೆಜಿ, ಯುಕೆಜಿಗೆ ಸೇರಿದ್ದ ಮಕ್ಕಳ ಪೋಷಕರಿಂದ ಆಕ್ಷೇಪ ಕೇಳಿಬಂದುದರಿಂದ ಜಾರಿಯನ್ನು 2025-26ನೇ ಸಾಲಿಗೆ ಮುಂದೂಡಲಾಯಿತು. ಆ ಸಾಲು ಬಂದಾಗ ಒತ್ತಡ ಮತ್ತೆ ಹೆಚ್ಚಿತು. 2025ರ ಏಪ್ರಿಲ್‌ನಲ್ಲಿ ಶಾಲಾ ಶಿಕ್ಷಣ ಸಚಿವ ಮಧು ಬಂಗಾರಪ್ಪ ಅವರು ಆ ಒಂದು ವರ್ಷದ ಮಟ್ಟಿಗೆ ಹಳೆಯ ಮಿತಿಗೇ ಸಡಿಲಿಕೆ ಪ್ರಕಟಿಸಿದರು. 2026-27ರಿಂದ ಆರು ವರ್ಷ ಕಡ್ಡಾಯ ಎಂದೂ ಆಗಲೇ ಸ್ಪಷ್ಟಪಡಿಸಿದರು.

ಈ ಇಡೀ ವಿವಾದ ನಗರದ ಪೋಷಕರ ದೃಷ್ಟಿಯಿಂದಲೇ ನಡೆಯಿತು. ಒಂದು ವರ್ಷ ವ್ಯರ್ಥವಾಗುತ್ತದೆ, ಯುಕೆಜಿ ಶುಲ್ಕವನ್ನು ಎರಡು ಬಾರಿ ಕಟ್ಟಬೇಕಾಗುತ್ತದೆ ಎಂಬುದು ಅಲ್ಲಿನ ಅಳಲು. ಆದರೆ ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಂತಹ ಕಡೆ ಇದೇ ಆದೇಶದ ಅರ್ಥ ಬೇರೆ. ಇಲ್ಲಿನ ಬಡ ಕುಟುಂಬದ ಮಗುವಿಗೆ ಶಾಲೆಯ ಬಾಗಿಲು ತಡವಾಗಿ ತೆರೆದರೆ, ಆ ಹೆಚ್ಚುವರಿ ತಿಂಗಳುಗಳು ಕಳೆಯುವುದು ಅಂಗನವಾಡಿಯಲ್ಲಿ ಅಥವಾ ಕಬ್ಬಿನ ಗದ್ದೆಯ ಬದುವಿನಲ್ಲಿ. ಆರು ವರ್ಷ ಸರಿಯೇ, ತಪ್ಪೇ ಎಂಬುದಕ್ಕಿಂತ ಆ ಆರು ವರ್ಷಗಳಲ್ಲಿ ಮಗುವಿಗೆ ಏನು ಸಿಕ್ಕಿತು ಎಂಬುದು ಇಲ್ಲಿ ಮುಖ್ಯವಾಗುತ್ತದೆ. ಮಕ್ಕಳ ಬೆಳವಣಿಗೆಯ ಮನೋವಿಜ್ಞಾನ ನೂರು ವರ್ಷಗಳಿಂದ ಚರ್ಚಿಸುತ್ತ ಬಂದಿರುವುದೂ ಬಹುಮಟ್ಟಿಗೆ ಇದನ್ನೇ.

ಕಾನೂನು ಕಂಡ ವಯಸ್ಸು

ಬಾಲ್ಯಕ್ಕೆ ವಯಸ್ಸಿನ ಗೆರೆ ಎಳೆಯುವ ಕೆಲಸ ಈ ಭಾಗಕ್ಕೆ ಹೊಸದಲ್ಲ. ಘಟಪ್ರಭೆಯ ದಡದಲ್ಲಿ ಗೋಕಾಕ ಮಿಲ್ಲು ತಲೆಯೆತ್ತಿದ 1880ರ ದಶಕದಲ್ಲಿ ಜಾರಿಯಲ್ಲಿದ್ದುದು 1881ರ ಕಾರ್ಖಾನೆ ಕಾಯ್ದೆ. ಏಳು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ದುಡಿಸಬಾರದು ಎಂದು ಅದು ಹೇಳಿತು; ಎಂದರೆ ಏಳು ತುಂಬಿದವರು ದಿನಕ್ಕೆ ಒಂಬತ್ತು ಗಂಟೆ ದುಡಿಯಬಹುದಿತ್ತು. 1891ರಲ್ಲಿ ಆ ಗೆರೆ ಒಂಬತ್ತಕ್ಕೆ, 1922ರಲ್ಲಿ ಹನ್ನೆರಡಕ್ಕೆ ಏರಿತು. ಮಗುವಿನ ದೇಹ ಮತ್ತು ಮನಸ್ಸು ಈ ನಲವತ್ತು ವರ್ಷಗಳಲ್ಲಿ ಬದಲಾಗಲಿಲ್ಲ. ಬದಲಾದದ್ದು ಸಮಾಜ ಮಗುವನ್ನು ಕಾಣುವ ಬಗೆ.

ಇಂದಿನ ಗೆರೆಗೂ ಇಂತಹದೇ ಚರಿತ್ರೆಯಿದೆ. 2002ರ ಸಂವಿಧಾನ ತಿದ್ದುಪಡಿ ಆರರಿಂದ ಹದಿನಾಲ್ಕು ವರ್ಷದವರೆಗಿನ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆದರೆ ಆರು ವರ್ಷದೊಳಗಿನವರ ಆರೈಕೆ ಮತ್ತು ಶಿಕ್ಷಣವನ್ನು ಅದೇ ತಿದ್ದುಪಡಿ ರಾಜ್ಯ ನಿರ್ದೇಶಕ ತತ್ವಗಳಲ್ಲಿ, ಅಂದರೆ ನ್ಯಾಯಾಲಯದಲ್ಲಿ ಒತ್ತಾಯಿಸಿ ಪಡೆಯಲಾಗದ 45ನೇ ವಿಧಿಯಲ್ಲಿ ಉಳಿಸಿತು. ಹೀಗಾಗಿ ಆರು ತುಂಬಿದ ದಿನದಿಂದ ಮಗು ಹಕ್ಕುದಾರ. ಅದರ ಹಿಂದಿನ ದಿನದವರೆಗೆ ಫಲಾನುಭವಿ ಮಾತ್ರ. ಪ್ರವೇಶದ ವಯಸ್ಸನ್ನು ಏಳು ತಿಂಗಳು ಮುಂದಕ್ಕೆ ತಳ್ಳುವ ಆದೇಶವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕಾಗುತ್ತದೆ.

ಮೂವರು ಪಂಡಿತರ ಮೂರು ಉತ್ತರ

ಶಿಕ್ಷಕರ ಅರ್ಹತಾ ಪರೀಕ್ಷೆ ಬರೆಯುವ ಅಭ್ಯರ್ಥಿಗಳಿಗೆ ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರ ಎಂಬ ಮೂವತ್ತು ಅಂಕಗಳ ವಿಭಾಗವಿದೆ. ಪಿಯಾಜೆ, ವೈಗೋಟ್ಸ್ಕಿ ಮುಂತಾದ ಹೆಸರುಗಳು ನಮ್ಮ ತಾಲ್ಲೂಕು ಕೇಂದ್ರಗಳಿಗೆ ಬಂದಿರುವುದು ಒಂದೊಂದು ಅಂಕದ ಪ್ರಶ್ನೆಗಳಾಗಿ. ಆದರೆ ಮಗು ಶಾಲೆಗೆ ಯಾವಾಗ ಸಿದ್ಧ ಎಂಬ ಪ್ರಶ್ನೆಗೆ ಇವರು ಕೊಟ್ಟ ಉತ್ತರಗಳು ಒಂದನ್ನೊಂದು ಒಪ್ಪುವುದಿಲ್ಲ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಅರ್ನಾಲ್ಡ್ ಗೆಸೆಲ್ ಅವರದು ಪಕ್ವತೆಯ ವಾದ. ಬೆಳವಣಿಗೆ ಒಳಗಿನಿಂದ, ತನ್ನದೇ ವೇಳಾಪಟ್ಟಿಯಂತೆ ನಡೆಯುತ್ತದೆ, ಅವಸರದಿಂದ ಪ್ರಯೋಜನವಿಲ್ಲ. 1929ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅವರು ಅವಳಿ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಮೆಟ್ಟಿಲು ಹತ್ತುವುದನ್ನು ಆರು ವಾರ ಕಾಲ ಮೊದಲೇ ಕಲಿಸಿದರು. ಇನ್ನೊಬ್ಬಳು ತಡವಾಗಿ ಆರಂಭಿಸಿಯೂ ಕಡಿಮೆ ಅವಧಿಯಲ್ಲೇ ಸಮಕ್ಕೆ ಬಂದಳು. ಕಿವಿ ಮುಟ್ಟಿಸುವ ನಮ್ಮ ಹಳೆಯ ಪರೀಕ್ಷೆಯ ಹಿಂದಿದ್ದ ತರ್ಕವೂ ಇದಕ್ಕೆ ಹತ್ತಿರವಾದುದು: ಮೈ ಬೆಳೆದಿದ್ದರೆ ಮನಸ್ಸೂ ಬೆಳೆದಿರುತ್ತದೆ.

ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಅವರ ಪ್ರಕಾರ ಮಗು ತನ್ನ ತಿಳಿವಳಿಕೆಯನ್ನು ತಾನೇ ಕಟ್ಟಿಕೊಳ್ಳುತ್ತದೆ, ಅದೂ ಹಂತಹಂತವಾಗಿ. ಅಗಲ ಲೋಟದ ನೀರನ್ನು ಕಿರಿದಾದ ಎತ್ತರದ ಲೋಟಕ್ಕೆ ಸುರಿದರೆ ಐದು ವರ್ಷದ ಮಗು ನೀರು ಹೆಚ್ಚಾಯಿತು ಎನ್ನುತ್ತದೆ. ಸುಮಾರು ಏಳರ ವೇಳೆಗೆ, ಮೂರ್ತ ಕಾರ್ಯಗಳ ಹಂತಕ್ಕೆ ಬಂದಾಗ, ನೀರು ಅಷ್ಟೇ ಇದೆ ಎಂಬುದು ಅದಕ್ಕೆ ತಾನಾಗಿ ತಿಳಿಯುತ್ತದೆ. ಆರು ವರ್ಷದ ಮಿತಿಯನ್ನು ಬೆಂಬಲಿಸುವವರು ಹೆಚ್ಚಾಗಿ ಆಶ್ರಯಿಸುವುದು ಈ ವಾದವನ್ನೇ.

ಪಿಯಾಜೆ ಹುಟ್ಟಿದ 1896ರಲ್ಲೇ ಹುಟ್ಟಿದ ರಷ್ಯದ ಲೆವ್ ವೈಗೋಟ್ಸ್ಕಿ ಮೂವತ್ತೇಳರ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕೃತಿಗಳು ಇಂಗ್ಲಿಷ್ ಲೋಕಕ್ಕೆ ಪರಿಚಯವಾದದ್ದು 1962ರ ನಂತರ. ಕಲಿಕೆ ಬೆಳವಣಿಗೆಯ ಹಿಂದೆ ನಡೆಯುವುದಿಲ್ಲ, ಅದನ್ನು ಮುಂದಕ್ಕೆ ಒಯ್ಯುತ್ತದೆ ಎಂಬುದು ಅವರ ನಿಲುವು. ಮಗು ಒಂಟಿಯಾಗಿ ಮಾಡಬಲ್ಲದ್ದಕ್ಕೂ, ತಿಳಿದವರ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವಿನ ಅಂತರವನ್ನು ಅವರು ಸಮೀಪ ವಿಕಾಸ ವಲಯ ಎಂದರು. ಸಿದ್ಧತೆ ಎಂಬುದು ಕಾದು ಕುಳಿತುಕೊಳ್ಳುವ ಸಂಗತಿಯಲ್ಲ, ಅದನ್ನು ಉಂಟುಮಾಡಬೇಕು. ನೆರವು ನೀಡುವವರಿಲ್ಲದೆ ಕಳೆದ ವರ್ಷ ಮಗುವಿನ ವಯಸ್ಸನ್ನು ಹೆಚ್ಚಿಸಬಹುದು, ಸಿದ್ಧತೆಯನ್ನಲ್ಲ.

ನಂತರದ ಸಂಶೋಧನೆ ಪಿಯಾಜೆ ಅವರ ಹಂತಗಳನ್ನು ಸಡಿಲಗೊಳಿಸಿದೆ. ಬ್ರಿಟನ್ನಿನ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಸಹೋದ್ಯೋಗಿ 1974ರಲ್ಲಿ ಸಾಲಾಗಿಟ್ಟ ಬಿಲ್ಲೆಗಳನ್ನು ದೊಡ್ಡವರು ಕದಲಿಸುವ ಬದಲು ಒಂದು ತುಂಟ ಗೊಂಬೆ ಕದಲಿಸಿದಂತೆ ಆಟ ಹೂಡಿದರು. ಮೊದಲು ತಪ್ಪು ಉತ್ತರ ನೀಡುತ್ತಿದ್ದ ಬಹಳಷ್ಟು ಮಕ್ಕಳು ಈಗ ಸರಿಯಾದ ಉತ್ತರ ಕೊಟ್ಟರು. ಮಗುವಿಗೆ ತಿಳಿಯದಿದ್ದುದು ಸಂಖ್ಯೆಯಲ್ಲ, ಪ್ರಶ್ನೆ ಕೇಳಿದವರ ಉದ್ದೇಶ ಎಂಬುದು ಇದರಿಂದ ಹೊರಬಿತ್ತು. ಪ್ರಶ್ನೆ ಮಗುವಿನ ಲೋಕಕ್ಕೆ ಸೇರಿದ್ದಾದರೆ ಅದರ ವಯಸ್ಸೇ ಹೆಚ್ಚಾದಂತೆ ಕಾಣುತ್ತದೆ.

ಇದಕ್ಕೆ ಪೂರಕವಾದ ಭಾರತೀಯ ಸಾಕ್ಷ್ಯವೂ ಇತ್ತೀಚೆಗೆ ದೊರೆತಿದೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ಕೋಲ್ಕತ್ತ ಹಾಗೂ ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳನ್ನು ಅಧ್ಯಯನ ಮಾಡಿ 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ತೂಕ, ಬೆಲೆ, ಚಿಲ್ಲರೆಯನ್ನು ಮನಸ್ಸಿನಲ್ಲೇ ಲೆಕ್ಕ ಹಾಕುವ ಮಕ್ಕಳು ಪಠ್ಯಪುಸ್ತಕದ ಲೆಕ್ಕದಲ್ಲಿ ಸೋತರು. ಶಾಲೆಯ ಲೆಕ್ಕ ಮಾಡುವ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ತಡವರಿಸಿದರು. ಮೂಡಲಗಿಯ ಸಂತೆಯಲ್ಲಾಗಲಿ, ಸಂಕೇಶ್ವರದ ಪೇಟೆಯಲ್ಲಾಗಲಿ ತಾಯಿಯ ಬುಟ್ಟಿಯ ಪಕ್ಕ ಕುಳಿತ ಮಗುವನ್ನು ಕಂಡವರಿಗೆ ಇದು ಅಚ್ಚರಿಯೆನಿಸದು. ಒಂದು ಕಡೆ ಇರುವ ಬುದ್ಧಿಯನ್ನು ಇನ್ನೊಂದು ಕಡೆಗೆ ದಾಟಿಸುವ ಸೇತುವೆ ಶಾಲೆಯಲ್ಲಿ ಇಲ್ಲ ಎಂಬುದೇ ಅದರ ಸಾರ.

ನಲಿ-ಕಲಿ ಕಲಿಸಿದ ಪಾಠ

ಕರ್ನಾಟಕಕ್ಕೆ ಈ ಚರ್ಚೆ ಪುಸ್ತಕದ್ದು ಮಾತ್ರವಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ, ಆಂಧ್ರದ ರಿಷಿ ವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದು ಆರಂಭವಾದ ನಲಿ-ಕಲಿ 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ವಿಸ್ತರಿಸಿತು. ಅದರ ತರಗತಿಯಲ್ಲಿ ಮಕ್ಕಳು ಐದು ತಟ್ಟೆಗಳಲ್ಲಿ ಕುಳಿತರು: ಪೂರ್ಣವಾಗಿ ಶಿಕ್ಷಕರ ಬೆಂಬಲ ಬೇಕಾದವರು, ಭಾಗಶಃ ಬೇಕಾದವರು, ಸಹಪಾಠಿಗಳ ಬೆಂಬಲದಲ್ಲಿ ಪೂರ್ಣವಾಗಿ ಅಥವಾ ಭಾಗಶಃ ಕಲಿಯುವವರು, ಕೊನೆಗೆ ಸ್ವತಃ ಕಲಿಯುವವರು. ವೈಗೋಟ್ಸ್ಕಿ ಹೇಳಿದ ನೆರವಿನ ಕ್ರಮವನ್ನು ಇದಕ್ಕಿಂತ ಸರಳವಾಗಿ ನೆಲದ ಮೇಲೆ ಹಾಸಿ ತೋರಿಸುವುದು ಕಷ್ಟ. ಪ್ರತಿ ಮಗುವೂ ಕಲಿಕಾ ಏಣಿಯನ್ನು ತನ್ನ ವೇಗದಲ್ಲಿ ಹತ್ತುತ್ತದೆ. ಕೆಲದಿನ ಗೈರಾದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ.

ಎಲ್ಲ ಕಡೆ ಇದು ಅಂದುಕೊಂಡಂತೆ ನಡೆಯಲಿಲ್ಲ ಎಂಬ ಟೀಕೆಯಲ್ಲಿ ಹುರುಳಿದೆ. ಆದರೂ ಒಂದು ವೈರುಧ್ಯವನ್ನು ಇಲ್ಲಿ ಗುರುತಿಸಬೇಕು. ತರಗತಿಯ ಒಳಗೆ ಮಕ್ಕಳೆಲ್ಲ ಒಂದೇ ವೇಗದವರಲ್ಲ ಎಂದು ಒಪ್ಪಿಕೊಂಡ ವ್ಯವಸ್ಥೆ, ತರಗತಿಯ ಬಾಗಿಲಲ್ಲಿ ಮಾತ್ರ ಒಂದು ದಿನದ ವ್ಯತ್ಯಾಸವನ್ನೂ ಸಹಿಸುವುದಿಲ್ಲ. ಜೂನ್ 1ರಂದು ಹುಟ್ಟಿದ ಮಗು ಆರಕ್ಕೆ ಸರಿಯಾಗಿ ಒಂದನೇ ತರಗತಿ ಸೇರುತ್ತದೆ. ಮರುದಿನ ಹುಟ್ಟಿದ್ದು ಸುಮಾರು ಏಳಕ್ಕೆ ಸೇರುತ್ತದೆ. ಒಂದೇ ತರಗತಿಯ ಹಿರಿಯ ಮತ್ತು ಕಿರಿಯ ಮಗುವಿನ ನಡುವೆ ಒಂದು ವರ್ಷದ ಅಂತರವಿದ್ದರೆ, ಆ ವಯಸ್ಸಿನಲ್ಲಿ ಅದು ಬದುಕಿನ ಆರನೇ ಒಂದು ಭಾಗ. ಗೆರೆಯನ್ನು ಐದೂವರೆಯಲ್ಲಿ ಎಳೆದರೂ ಆರರಲ್ಲಿ ಎಳೆದರೂ ಈ ಅಂತರ ಉಳಿದೇ ಉಳಿಯುತ್ತದೆ.

ಎಂಬತ್ತೈದು ಪ್ರತಿಶತದ ಮಾತು

ಆರು ವರ್ಷದ ಮಿತಿಗೆ ಮೂಲ ಪ್ರೇರಣೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ. ಮೂರರಿಂದ ಎಂಟು ವರ್ಷದವರೆಗಿನ ಐದು ವರ್ಷಗಳನ್ನು ಅದು ಬುನಾದಿ ಹಂತ ಎಂದು ಕರೆಯಿತು. ಮಿದುಳಿನ ಬೆಳವಣಿಗೆಯ ಶೇ 85ಕ್ಕೂ ಹೆಚ್ಚು ಭಾಗ ಆರು ವರ್ಷದೊಳಗೆ ಆಗುತ್ತದೆ ಎಂಬ ವಾಕ್ಯ ಅದರ ಮೊದಲ ಅಧ್ಯಾಯದಲ್ಲೇ ಇದೆ. ಅಲ್ಲಿಂದ ಈ ಅಂಕಿ ಭಾಷಣಗಳಿಗೂ ಖಾಸಗಿ ಶಾಲೆಗಳ ಜಾಹೀರಾತುಗಳಿಗೂ ಹಬ್ಬಿದೆ.

ಅಂಕಿಯನ್ನು ಎಚ್ಚರದಿಂದ ಓದಬೇಕು. ಆರರ ವೇಳೆಗೆ ಮಿದುಳಿನ ಗಾತ್ರ ವಯಸ್ಕರ ಗಾತ್ರಕ್ಕೆ ಹತ್ತಿರ ಬಂದಿರುತ್ತದೆ ಎಂಬುದು ನಿಜ. ಆದರೆ ಗಾತ್ರವೇ ಕಲಿಕೆಯಲ್ಲ. ಯೋಜನೆ, ಸಂಯಮ, ವಿವೇಚನೆಗಳಿಗೆ ಸಂಬಂಧಿಸಿದ ಮುಮ್ಮಿದುಳಿನ ಜೋಡಣೆಗಳು ಇಪ್ಪತ್ತರ ವಯಸ್ಸು ದಾಟಿದ ಮೇಲೂ ತಿದ್ದುಗೊಳ್ಳುತ್ತಲೇ ಇರುತ್ತವೆ. ಮೊದಲ ಮೂರು ವರ್ಷಗಳಲ್ಲೇ ಎಲ್ಲವೂ ಮುಗಿಯುತ್ತದೆ ಎಂಬ ನಂಬಿಕೆಯನ್ನು ಅಮೆರಿಕದ ಜಾನ್ ಬ್ರೂಯರ್ 1999ರಲ್ಲಿಯೇ ಕಟುವಾಗಿ ಪ್ರಶ್ನಿಸಿದ್ದರು. ಮೊದಲ ವರ್ಷಗಳು ಬಹಳ ಮುಖ್ಯ, ಆದರೆ ಅಲ್ಲಿಗೆ ಬಾಗಿಲು ಮುಚ್ಚುವುದಿಲ್ಲ ಎಂಬ ನಿಲುವು ಇಂದು ಹೆಚ್ಚು ಒಪ್ಪಿತವಾಗಿದೆ. ಶಾಲೆಯ ಮೊದಲ ಆಸರೆ ತಪ್ಪಿದ ಮಗುವನ್ನು ಕೈಬಿಡಲು ಈ ಅಂಕಿ ನೆಪವಾಗಬಾರದು.

ಹಾಗಾದರೆ ಮೊದಲ ವರ್ಷಗಳಲ್ಲಿ ಕೆಲಸಕ್ಕೆ ಬರುವುದು ಯಾವುದು? ಇದಕ್ಕೆ ಬಲವಾದ ಉತ್ತರ ಬಂದಿರುವುದು ಜಮೈಕಾದಿಂದ. ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು ಕಿಂಗ್‌ಸ್ಟನ್ ನಗರದ ಬಡ ಬಡಾವಣೆಗಳಲ್ಲಿ ಬೆಳವಣಿಗೆ ಕುಂಠಿತವಾದ 129 ಮಕ್ಕಳನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಪೌಷ್ಟಿಕ ಆಹಾರ, ಇನ್ನೊಂದಕ್ಕೆ ವಾರಕ್ಕೊಮ್ಮೆ ಆರೋಗ್ಯ ಕಾರ್ಯಕರ್ತೆಯ ಭೇಟಿ, ಮೂರನೆಯದಕ್ಕೆ ಎರಡೂ, ನಾಲ್ಕನೆಯದಕ್ಕೆ ಯಾವುದೂ ಇಲ್ಲ. ಆ ಕಾರ್ಯಕರ್ತೆ ಮಾಡುತ್ತಿದ್ದುದಿಷ್ಟೇ: ಮನೆಯಲ್ಲೇ ಸಿಗುವ ವಸ್ತುಗಳಿಂದ ಮಾಡಿದ ಆಟಿಕೆಗಳನ್ನು ಹಿಡಿದು ಮಗುವಿನೊಂದಿಗೆ ಆಡುವುದು ಹೇಗೆ, ಮಾತನಾಡುವುದು ಹೇಗೆ ಎಂದು ತಾಯಿಗೆ ತೋರಿಸಿಕೊಡುವುದು. ಎರಡು ವರ್ಷ ಹೀಗೆ ನಡೆಯಿತು. ಮೊದಲ ಫಲಿತಾಂಶ ಪ್ರಕಟವಾದದ್ದು 1991ರಲ್ಲಿ. ಇಪ್ಪತ್ತು ವರ್ಷಗಳ ಬಳಿಕ ಅದೇ ಮಕ್ಕಳನ್ನು ಹುಡುಕಿದಾಗ, ಆಟದ ಭೇಟಿ ಪಡೆದವರ ಗಳಿಕೆ ಉಳಿದವರಿಗಿಂತ ಸುಮಾರು ಶೇ 25ರಷ್ಟು ಹೆಚ್ಚಿತ್ತು ಎಂದು 2014ರಲ್ಲಿ ವರದಿಯಾಯಿತು. ಆಹಾರವೊಂದನ್ನೇ ಪಡೆದವರಲ್ಲಿ ಅಂತಹ ಶಾಶ್ವತ ಲಾಭ ಕಾಣಲಿಲ್ಲ.

ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಹೊಂದಿಲ್ಲ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಅವರಿಗೆ ಮೊಟ್ಟೆ, ಹಾಲು ಬೇಕೇ ಬೇಕು. ಆದರೆ ಜಮೈಕಾದ ಪಾಠದಂತೆ ಅದರ ಜೊತೆಗೆ ಆಟವೂ ಮಾತೂ ಬೇಕು. ಮರದ ಗೊಂಬೆಗಳಿಗೆ, ಹಣ್ಣು-ತರಕಾರಿಗಳ ಬಣ್ಣದ ಮಾದರಿಗಳಿಗೆ ಹೆಸರಾದ ಊರು ಗೋಕಾಕ. ಆ ಗೊಂಬೆಗಳು ಷೋಕೇಸಿನ ಗಾಜಿನ ಹಿಂದೆ ಅಲಂಕಾರವಾಗಿ ನಿಂತಿವೆ. ಎಣಿಸಲು, ವಿಂಗಡಿಸಲು, ಹೆಸರು ಹೇಳಲು ಇದಕ್ಕಿಂತ ಒಳ್ಳೆಯ ಕಲಿಕಾ ಸಾಮಗ್ರಿ ಬೇರೆ ಬೇಕಿಲ್ಲ. ಸುತ್ತಲಿನ ಅಂಗನವಾಡಿಗಳಿಗೆ ಅವನ್ನು ಖರೀದಿಸಿ ಕೊಟ್ಟರೆ ಕುಶಲಕರ್ಮಿಗೂ ಕೆಲಸ, ಮಗುವಿಗೂ ಆಟ.

ಮೂರರಿಂದ ಆರರ ನಡುವೆ

ಅಂಗನವಾಡಿ ವ್ಯವಸ್ಥೆ 1975ರ ಅಕ್ಟೋಬರ್ 2ರಂದು ಆರಂಭವಾಯಿತು. ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ. ಈಗ ರಾಜ್ಯದಲ್ಲಿ ಅರವತ್ತೈದು ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ಶಾಲಾಪೂರ್ವ ಶಿಕ್ಷಣ ಅವುಗಳ ಆರು ಸೇವೆಗಳಲ್ಲಿ ಒಂದು. ಉಳಿದವು ಪೂರಕ ಆಹಾರ, ಲಸಿಕೆ, ತಪಾಸಣೆ ಇತ್ಯಾದಿ. ಆಹಾರದ ಲೆಕ್ಕ, ತೂಕದ ದಾಖಲೆ, ಸಮೀಕ್ಷೆ, ಚುನಾವಣಾ ಕೆಲಸಗಳ ನಡುವೆ ಪಾಠಕ್ಕೆ ಉಳಿಯುವ ವೇಳೆ ಅಲ್ಪ. ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ಅಂಗನವಾಡಿ ನೌಕರರಿಗೆ ಗ್ರಾಚ್ಯುಟಿ ಹಕ್ಕಿದೆ ಎಂದು ತೀರ್ಪಿತ್ತಾಗ, ಶಾಲಾಪೂರ್ವ ಶಿಕ್ಷಣವೂ ಅವರು ನಿರ್ವಹಿಸುವ ಶಾಸನಬದ್ಧ ಕರ್ತವ್ಯದ ಭಾಗ ಎಂದು ಗುರುತಿಸಿತು. ಶಿಕ್ಷಕಿಯ ಕೆಲಸವಿದೆ, ಶಿಕ್ಷಕಿಯ ಸ್ಥಾನವಿಲ್ಲ.

2024ರಲ್ಲಿ ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ಆರಂಭಿಸಲು ಶಿಕ್ಷಣ ಇಲಾಖೆ ಮುಂದಾದಾಗ ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಪ್ರತಿಭಟಿಸಿದರು. ಮಕ್ಕಳು ಅತ್ತ ಹೋದರೆ ಕೇಂದ್ರಗಳು ಬರಿದಾಗುತ್ತವೆ ಎಂಬುದು ಅವರ ಆತಂಕ. ಬೆಳಗಾವಿ ಜಿಲ್ಲೆಯವರೇ ಆದ ಮಹಿಳಾ ಮತ್ತು ಮಕ್ಕಳ ಕಲ್ಯಾಣ ಸಚಿವೆ ಲಕ್ಷ್ಮೀ ಹೆಬ್ಬಾಳಕರ ಅವರ ಇಲಾಖೆ ಅದೇ ವರ್ಷ ಬೆಂಗಳೂರಿನ ಆಯ್ದ ಅಂಗನವಾಡಿಗಳಲ್ಲಿ ಸರ್ಕಾರಿ ಮಾಂಟೆಸ್ಸರಿ ಆರಂಭಿಸಿತು. 2025ರ ಆಗಸ್ಟ್‌ನಲ್ಲಿ ವರದಿ ಸಲ್ಲಿಸಿದ ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ ಎರಡು ವರ್ಷ ಪೂರ್ವ ಪ್ರಾಥಮಿಕ, ಎಂಟು ವರ್ಷ ಪ್ರಾಥಮಿಕ, ನಾಲ್ಕು ವರ್ಷ ಪ್ರೌಢ ಶಿಕ್ಷಣದ ರಚನೆಯನ್ನು ಶಿಫಾರಸು ಮಾಡಿತು. ಎರಡು ಇಲಾಖೆಗಳ ನಡುವಿನ ಗಡಿ ಹೀಗೆ ಮಗುವಿನ ಮೂರನೇ ಮತ್ತು ಆರನೇ ವರ್ಷದ ನಡುವೆ ಹಾದುಹೋಗಿದೆ.

ಈ ಗಡಿಯ ಆಚೆಗೂ ಒಂದು ಗುಂಪು ಇದೆ. ಕಬ್ಬು ಅರೆಯುವ ಹಂಗಾಮು ಬಂದರೆ ವಿಜಯಪುರ ಜಿಲ್ಲೆಯಿಂದ, ಮಹಾರಾಷ್ಟ್ರದ ಬೀಡ್ ಸೀಮೆಯಿಂದ ಕಟಾವು ಗ್ಯಾಂಗುಗಳು ಈ ಭಾಗಕ್ಕೆ ಬರುತ್ತವೆ. ಜೊತೆಗೆ ಮಕ್ಕಳೂ ಬರುತ್ತಾರೆ. ಆ ನಾಲ್ಕೈದು ತಿಂಗಳು ಮಗುವಿನ ಹೆಸರು ಒಂದೂರಿನಲ್ಲಿ, ಮಗು ಇನ್ನೊಂದೂರಿನಲ್ಲಿ. ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ವರದಿಯಲ್ಲಿ ತಾಯಿಯ ನಿರಂತರ ಸಾಮೀಪ್ಯವೇ ಮಗುವಿನ ಮಾನಸಿಕ ಆರೋಗ್ಯದ ಬುನಾದಿ ಎಂದರು. ಒಬ್ಬ ತಾಯಿಯಲ್ಲ, ನಂಬಬಹುದಾದ ಹಲವರು ಸೇರಿ ಸಾಕಿದರೂ ಮಗು ಚೆನ್ನಾಗಿಯೇ ಬೆಳೆಯುತ್ತದೆ ಎಂದು ನಂತರದ ಅಧ್ಯಯನಗಳು ಅದನ್ನು ತಿದ್ದಿದವು. ಅಜ್ಜಿ, ಅತ್ತೆ, ಅಕ್ಕಂದಿರ ಮಡಿಲಲ್ಲಿ ಬೆಳೆದ ನಾಡಿಗೆ ಇದು ಹೊಸ ಮಾತಲ್ಲ. ಆದರೆ ಗುಡಿಸಲಿನಲ್ಲಿ ಎಂಟು ವರ್ಷದ ಅಕ್ಕ ಎರಡು ವರ್ಷದ ತಮ್ಮನನ್ನು ನೋಡಿಕೊಳ್ಳುವಾಗ ಅಲ್ಲಿ ಇಬ್ಬರ ಬಾಲ್ಯವೂ ಖರ್ಚಾಗುತ್ತಿರುತ್ತದೆ. ಉದ್ಯೋಗ ಖಾತರಿಯ ಮಹಿಳೆಯರ ಮಕ್ಕಳಿಗಾಗಿ 2023ರಲ್ಲಿ ರಾಜ್ಯ ಸರ್ಕಾರ ಘೋಷಿಸಿದ ಕೂಸಿನ ಮನೆ ಯೋಜನೆಯ ಆಶಯ ಕಬ್ಬಿನ ಗದ್ದೆಗೂ ಬರಬೇಕಾದುದು ಇದೇ ಕಾರಣಕ್ಕೆ. ಹಂಗಾಮಿನಲ್ಲಿ ಕೋಟ್ಯಂತರ ರೂಪಾಯಿ ವಹಿವಾಟು ನಡೆಸುವ ಸಕ್ಕರೆ ಕಾರ್ಖಾನೆಗಳಿಗೆ ಇದು ಭಾರವಾಗಲಾರದು.

ಮನೆಯ ಮಾತು, ಶಾಲೆಯ ಮಾತು

ಭಾಷೆಯ ಪ್ರಶ್ನೆಯೂ ಇದರ ಜೊತೆಗಿದೆ. ಗೋಕಾಕದ ಮಗು ಮನೆಯಲ್ಲಿ ಅವ್ವ ಎನ್ನುತ್ತದೆ, ರೊಕ್ಕ ಎನ್ನುತ್ತದೆ. ಪುಸ್ತಕದಲ್ಲಿ ಅದು ಅಮ್ಮ, ಹಣ. ಹುಕ್ಕೇರಿ ತಾಲ್ಲೂಕಿನ ಅನೇಕ ಮನೆಗಳಲ್ಲಿ ಮರಾಠಿಯೂ ಉರ್ದುವೂ ಇದೆ. ಆಲೋಚನೆ ರೂಪುಗೊಳ್ಳುವುದೇ ಸುತ್ತಲಿನವರ ಮಾತಿನಿಂದ ಎಂದ ವೈಗೋಟ್ಸ್ಕಿ ಅವರನ್ನು ಒಪ್ಪುವುದಾದರೆ, ಮನೆಯ ಮಾತನ್ನು ಹೊಸ್ತಿಲಲ್ಲೇ ಬಿಟ್ಟು ಬಾ ಎನ್ನುವ ಶಾಲೆ ಮಗುವಿನ ಆಲೋಚನೆಯನ್ನೂ ಅಲ್ಲೇ ಬಿಡಿಸುತ್ತದೆ. ಮಾಧ್ಯಮವನ್ನು ಹೇರಲಾಗದು ಎಂದು 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿದ ಮೇಲೆ ಆಯ್ಕೆ ಪೋಷಕರದಾಗಿದೆ. ಇಂಗ್ಲಿಷ್ ಎಲ್‌ಕೆಜಿಗೆ ಸಾಲ ಮಾಡಿ ಕಳಿಸುವ ತಂದೆ-ತಾಯಿಯನ್ನು ಹಳಿದು ಫಲವಿಲ್ಲ. ಪಕ್ಕದ ಅಂಗನವಾಡಿಯಲ್ಲಿ ಮಗು ಕಲಿಯುತ್ತಿದೆ ಎಂಬ ಭರವಸೆ ಮೂಡಿದರೆ ಮಾತ್ರ ಆ ಆಯ್ಕೆ ಬದಲಾದೀತು.

ಆರು ವರ್ಷದ ಮಿತಿ ತಪ್ಪು ಎಂದು ಮನೋವಿಜ್ಞಾನ ಹೇಳುವುದಿಲ್ಲ. ಫಿನ್ಲೆಂಡಿನಲ್ಲಿ ಮಕ್ಕಳು ಒಂದನೇ ತರಗತಿಗೆ ಬರುವುದು ಏಳಕ್ಕೆ. ಆದರೆ ಅದಕ್ಕೂ ಮುಂಚಿನ ಒಂದು ವರ್ಷದ ಪೂರ್ವ ಪ್ರಾಥಮಿಕ ಶಿಕ್ಷಣವನ್ನು ಆ ದೇಶ 2015ರಿಂದ ಕಡ್ಡಾಯಗೊಳಿಸಿ, ಉಚಿತವಾಗಿ ಒದಗಿಸುತ್ತಿದೆ. ಬಾಗಿಲನ್ನು ತಡವಾಗಿ ತೆರೆಯುವ ಸರ್ಕಾರ ಅಂಗಳವನ್ನು ಸಜ್ಜುಗೊಳಿಸಿರಬೇಕು. ಮೂರರಿಂದ ಆರರ ಶಿಕ್ಷಣವನ್ನು ಹಕ್ಕಾಗಿ ಒಪ್ಪುವುದು, ಅಂಗನವಾಡಿಯಲ್ಲಿ ಪಾಠಕ್ಕೆಂದೇ ಪ್ರತ್ಯೇಕ ವೇಳೆ ಮತ್ತು ತರಬೇತಿ ಪಡೆದ ಕೈ ಒದಗಿಸುವುದು, ವಲಸೆ ಬಂದ ಮಗುವಿಗೆ ಬಂದ ಊರಿನಲ್ಲೇ ಜಾಗ ಕೊಡುವುದು: ಇವು ಆದೇಶದ ಜೊತೆಗೇ ಬರಬೇಕಿದ್ದ ಕ್ರಮಗಳು. ಇವಿಲ್ಲದೆ ವಯಸ್ಸಿನ ಗೆರೆಯನ್ನಷ್ಟೇ ಸರಿಸಿದರೆ, ಅನುಕೂಲಸ್ಥರ ಮಗು ಇನ್ನೊಂದು ವರ್ಷ ಕಲಿತು ಬರುತ್ತದೆ, ಬಡವರ ಮಗು ಇನ್ನೊಂದು ವರ್ಷ ಕಾದು ಬರುತ್ತದೆ. ಒಂದನೇ ತರಗತಿಯ ಮೊದಲ ದಿನ ಇಬ್ಬರೂ ಒಂದೇ ವಯಸ್ಸಿನವರಾಗಿ ಅಕ್ಕಪಕ್ಕ ಕುಳಿತಿರುತ್ತಾರೆ. ಕಿವಿ ಮುಟ್ಟಲು ಇಬ್ಬರ ಕೈಯೂ ಎಟುಕುತ್ತದೆ. ಪುಸ್ತಕ ಎಟುಕುವುದು ಮಾತ್ರ ಒಬ್ಬರಿಗೆ.